ತಿರುಕನ ಹೆಸರು

(ಯೇಸುವಿನ ದೃಷ್ಟಾಂತಕಥೆಗಳಲ್ಲಿ ದಾನ ಮತ್ತು ಸೇವೆ: ಒಂದು ವಿಮರ್ಶೆ)

೧

ಒಂದು ಮತದ ಪವಿತ್ರಗ್ರಂಥವನ್ನು ಎರಡು ಬಗೆಯಾಗಿ ಓದಬಹುದು. ಭಕ್ತನು ತನ್ನ ಉದ್ಧಾರಕ್ಕೆ ಬೇಕಾದುದನ್ನು ಅದರಲ್ಲಿ ಅರಸುವನು. ಸಹೃದಯನು ಅದರ ಮಾತಿನ ರೀತಿಯನ್ನೂ ಕಥೆಯ ಕಟ್ಟಡವನ್ನೂ ನೋಡಿ, ಆ ಮಾತು ಆ ರೀತಿಯಲ್ಲಿಯೇ ಏತಕ್ಕೆ ಬಂದಿತೆಂದು ವಿಚಾರಮಾಡುವನು. ಮೊದಲನೆಯ ಓದಿಗೆ ದೇವಾಲಯವುಂಟು. ಎರಡನೆಯದಕ್ಕೆ ಸಾಹಿತ್ಯಪತ್ರಿಕೆಯೇ ತಕ್ಕ ಸ್ಥಳ. ಯೇಸುಕ್ರಿಸ್ತನು ಬಡವರ ವಿಷಯವಾಗಿ ಹೇಳಿದ ದೃಷ್ಟಾಂತಕಥೆಗಳನ್ನು ನಾವು ಈ ಎರಡನೆಯ ರೀತಿಯಲ್ಲಿ ಪರಾಮರ್ಶಿಸಬೇಕೆಂದಿದ್ದೇವೆ. ಇವನ್ನು ಕನ್ನಡದ ಪ್ರೊಟೆಸ್ಟಂಟರು ‘ಸಾಮ್ಯ’ಗಳೆಂದೂ ಕಥೋಲಿಕರು ‘ಸಾಮತಿ’ಗಳೆಂದೂ ಕರೆಯುವರು. ಹೆಸರು ಯಾವುದಾದರೂ ಆಗಲಿ, ಇವು ಅತ್ಯಂತ ಸಂಕ್ಷಿಪ್ತವಾದ ಕಥೆಗಳು. ವರ್ಣನೆಯಿಲ್ಲ, ವ್ಯಾಖ್ಯಾನವಿಲ್ಲ, ಅಲಂಕಾರವಿಲ್ಲ. ಆದರೂ ಎರಡು ಸಾವಿರ ವರ್ಷಗಳಿಂದ ಇವು ಸವೆದಿಲ್ಲವೆಂದಮೇಲೆ ಇವುಗಳ ಸತ್ತ್ವ ಎಲ್ಲಿದೆಯೆಂದು ನೋಡುವುದು ನ್ಯಾಯವಾಗಿದೆ.

ಈ ವಿಚಾರಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷ ಕಾರಣವೂ ಉಂಟು. ಆನೇಕಲ್ಲು ತಾಲ್ಲೂಕಿನ ಸರ್ಜಾಪುರವು ಹಿಂದೆ ನೇಯ್ಗೆಗೆ ಹೆಸರಾಗಿದ್ದ ಊರು. ಈಗ ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಹಾದಿಯ ಎರಡು ಮಗ್ಗುಲಿಗೂ ಕಂಪೆನಿಗಳ ಸೌಧಗಳು, ಕಾವಲುಳ್ಳ ವಸತಿ ಬಡಾವಣೆಗಳು, ಅವನ್ನು ಕಟ್ಟಲು ಬಂದ ಪರಊರಿನ ಕೂಲಿಗಳ ತಗಡಿನ ಜೋಪಡಿಗಳು ಒತ್ತೊತ್ತಾಗಿ ಬೆಳೆದಿವೆ. ಸಿರಿಯೂ ಬಡತನವೂ ಇಷ್ಟು ಹತ್ತಿರದಲ್ಲಿ, ಒಂದೇ ಗೋಡೆಯ ಎರಡು ಕಡೆಗಳಲ್ಲಿ ಇರುವ ಸೀಮೆ ನಮ್ಮಲ್ಲಿ ವಿರಳ. ಇದೇ ಹಾದಿಯ ಮೇಲೆ ಕ್ರೈಸ್ತರ ಒಂದು ದೊಡ್ಡ ಸೇವಾಸಂಸ್ಥೆಯೂ ಇದೆ. ಆದಕಾರಣ ‘ಉಳ್ಳವನು ಇಲ್ಲದವನಿಗೆ ಏನು ಸಲ್ಲಿಸತಕ್ಕದ್ದು?’ ಎಂಬ ಪ್ರಶ್ನೆ ಇಲ್ಲಿ ಬರಿಯ ಗ್ರಂಥಸ್ಥ ಪ್ರಶ್ನೆಯಲ್ಲ. ಮತಗಳ ತಾರತಮ್ಯವು ನಮ್ಮ ಉದ್ದೇಶವಲ್ಲವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

೨

ಮೊದಲು ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಕಥೆಯನ್ನು ತೆಗೆದುಕೊಳ್ಳೋಣ. ಒಬ್ಬ ಐಶ್ವರ್ಯವಂತನಿದ್ದನು, ಬೆಲೆಬಾಳುವ ಬಟ್ಟೆಯನ್ನುಟ್ಟು ದಿನದಿನವೂ ಹಬ್ಬದೂಟ ಉಣ್ಣುತ್ತಿದ್ದನು. ಅವನ ಬಾಗಿಲಲ್ಲಿ ಹುಣ್ಣುತುಂಬಿದ ಮೈಯ ತಿರುಕನೊಬ್ಬನು ಬಿದ್ದಿರುತ್ತಿದ್ದನು; ನಾಯಿಗಳು ಬಂದು ಅವನ ಹುಣ್ಣನ್ನು ನೆಕ್ಕುತ್ತಿದ್ದವು. ಇಬ್ಬರೂ ಸತ್ತರು. ತಿರುಕನು ಮೂಲಪುರುಷನಾದ ಅಬ್ರಹಾಮನ ಎದೆಯ ಬಳಿಗೆ ಸೇರಿದನು. ಐಶ್ವರ್ಯವಂತನು ಯಾತನೆಯ ಸ್ಥಳಕ್ಕೆ ಸೇರಿದನು. ಅಲ್ಲಿಂದ ಅವನು ನೀರಿಗಾಗಿ ಮೊರೆಯಿಟ್ಟರೂ, ನಡುವೆ ದಾಟಲಾಗದ ಕಮರಿಯಿದ್ದ ಕಾರಣ ನೀರು ಬರಲಿಲ್ಲ.

ಕಥೆ ಇಷ್ಟೇ. ‘ಪುಣ್ಯವಂತನಿಗೆ ಸ್ವರ್ಗ, ಪಾಪಿಗೆ ನರಕ’ ಎಂದು ಇದನ್ನು ಓದಿ ಮುಗಿಸಿದರೆ ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಹೇಳುವ ಕಥೆಗಿಂತ ಇದರಲ್ಲಿ ಹೆಚ್ಚೇನೂ ಕಾಣದು. ಆದರೆ ಇದರಲ್ಲಿ ಲಕ್ಷ್ಯವಿಟ್ಟು ನೋಡತಕ್ಕ ಸಂಗತಿಗಳು ಮೂರು ಇವೆ.

ಮೊದಲನೆಯದು ಹೆಸರು. ಯೇಸು ಹೇಳಿದ ಸಾಮ್ಯಗಳಲ್ಲಿ ಬಿತ್ತುವವನು, ಕುರುಬನು, ತಂದೆ, ಮಗ, ಸಾಹುಕಾರ, ಆಳು ಮೊದಲಾದ ಎಷ್ಟೋ ಪಾತ್ರಗಳು ಬರುವುವು, ಯಾರಿಗೂ ಅಂಕಿತನಾಮವಿಲ್ಲ. ಹೆಸರುಳ್ಳವನು ಈ ತಿರುಕನೊಬ್ಬನೇ: ಲಾಜರನು. ದೇವರೇ ಸಹಾಯಕನೆಂಬುದು ಆ ಹೆಸರಿನ ಅರ್ಥ. ಐಶ್ವರ್ಯವಂತನಿಗೆ ಹೆಸರಿಲ್ಲ. ಲೋಕದ ರೂಢಿ ಇದಕ್ಕೆ ತೀರ ಪ್ರತಿಕೂಲವಾದುದು. ಊರಿನವರಿಗೆಲ್ಲ ಸಾಹುಕಾರನ ಹೆಸರು ತಿಳಿದಿರುವುದು. ತಿರುಕನಿಗೆ ‘ಆ ತಿರುಕ’ ಎಂಬುದೇ ಹೆಸರು. ಕಥೆಗಾರನು ಈ ರೂಢಿಯನ್ನು ಒಂದು ಮಾತೂ ಆಡದೆ ತಲೆಕೆಳಗು ಮಾಡಿರುವನು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಎರಡನೆಯದು ಅಪರಾಧ. ಈ ಐಶ್ವರ್ಯವಂತನು ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಬಾಗಿಲಿನಿಂದ ಅಟ್ಟಲೂ ಇಲ್ಲ. ಅವನ ಸಂಪತ್ತು ಅನ್ಯಾಯದಿಂದ ಬಂದದ್ದೆಂದು ಕಥೆ ಹೇಳುವುದಿಲ್ಲ. ಅವನು ಕಾಣಲಿಲ್ಲ, ಅಷ್ಟೆ. ಪ್ರತಿದಿನ ದಾಟಿಹೋಗುವ ಬಾಗಿಲಲ್ಲಿ ಬಿದ್ದಿದ್ದವನನ್ನು ಕಾಣದಿರುವುದೇ ಇಲ್ಲಿ ಪಾತಕವೆನಿಸಿರುವುದು. ಬದುಕಿದ್ದಾಗ ಇಬ್ಬರ ನಡುವೆ ಇದ್ದುದು ಒಂದು ಬಾಗಿಲು, ಕೈಯಿಂದ ತೆರೆಯಬಹುದಾದುದು; ಸತ್ತಮೇಲೆ ಅದೇ ಬಾಗಿಲು ಕಮರಿಯಾಗುವುದು. ನರಕವೆಂಬುದು ಅವನಿಗೆ ಹೊರಗಿನಿಂದ ಬಂದ ಶಿಕ್ಷೆಯಲ್ಲ. ಅವನು ತಾನೇ ದಿನದಿನವೂ ತೋಡಿದ ಹಳ್ಳ.

ಮೂರನೆಯದು ಅತಿ ಸೂಕ್ಷ್ಮವಾದುದು. ಯಾತನೆಯ ನಡುವೆಯೂ ಐಶ್ವರ್ಯವಂತನು ಲಾಜರನೊಡನೆ ಮಾತನಾಡುವುದಿಲ್ಲ, ಅಬ್ರಹಾಮನೊಡನೆ ಮಾತನಾಡುವನು. ನೀರು ತರಲು ಲಾಜರನನ್ನು ಕಳುಹಿಸಬೇಕಂತೆ. ಅದಾಗದಿದ್ದರೆ ತನ್ನ ಐವರು ತಮ್ಮಂದಿರಿಗೆ ಎಚ್ಚರಿಕೆ ಹೇಳಲು ಅವನನ್ನೇ ಕಳುಹಿಸಬೇಕಂತೆ. ಅಂದರೆ, ಅವನಿಗೆ ಲಾಜರನ ಹೆಸರು ಮೊದಲಿನಿಂದಲೂ ತಿಳಿದಿತ್ತು! ತಿಳಿದೂ ಅವನು ಕರೆದಿರಲಿಲ್ಲ. ಈಗ ಕರೆಯುವುದೂ ಆಳನ್ನು ಓಡಿಸುವುದಕ್ಕೆ. ನರಕದ ಬೆಂಕಿಯೂ ಅವನ ಯಜಮಾನಿಕೆಯನ್ನು ಸುಡಲಾರದೆ ಹೋಯಿತು. ಇಂಥ ಪಾತ್ರರಚನೆಯನ್ನು ನಾಲ್ಕು ಮಾತಿನಲ್ಲಿ ಮಾಡಬಲ್ಲವನು ಪ್ರವಾದಿಯಾಗಿರುವಂತೆಯೇ ಕವಿಯೂ ಹೌದು.

೩

ನಮ್ಮ ಸಾಹಿತ್ಯದೊಡನೆ ಇದನ್ನು ಹೋಲಿಸಿದರೆ ಭೇದವು ಸ್ಪಷ್ಟವಾಗುವುದು. ಕನ್ನಡನಾಡಿನಷ್ಟು ದಾನವನ್ನು ಹಾಡಿಹೊಗಳಿದ ನಾಡು ಬೇರೆಯಿರಲಾರದು. ಕರ್ಣನ ತ್ಯಾಗವು ನಮ್ಮ ಕವಿಗಳಿಗೆ ಪ್ರಿಯವಾದ ವಸ್ತು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಗೆ ‘ದಾನಚಿಂತಾಮಣಿ’ ಎಂಬ ಬಿರುದು ಸಂದಿತು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಜೈನರ ನಾಲ್ಕು ದಾನಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುವು. ಸರ್ಜಾಪುರದ ಹಾದಿ ಆರಂಭವಾಗುವಲ್ಲಿಯೇ ಇರುವ ಅಗರದಲ್ಲಿ, ಕೆರೆ ಕಟ್ಟಿಸಿ ತೂಬು ಇಡಿಸಿದವನ ಕೀರ್ತಿಯನ್ನು ಹೇಳುವ ಒಂಬತ್ತನೆಯ ಶತಮಾನದ ಶಾಸನವಿದೆ. ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳೇ ಸರಿ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಶಾಸನದ ಕಲ್ಲಿನಲ್ಲಿ ಕೊಟ್ಟವನ ಹೆಸರುಂಟು, ಅವನ ತಂದೆತಾತಂದಿರ ಹೆಸರುಂಟು, ಕೆಡಿಸಿದವನಿಗೆ ಶಾಪವುಂಟು. ಮಣ್ಣು ಹೊತ್ತವನ ಹೆಸರು ಅಪೂರ್ವ, ಉಂಡ ಬಡವನ ಹೆಸರಂತೂ ಇಲ್ಲವೇ ಇಲ್ಲ. ಅಲ್ಲಿ ದಾನಿಯೇ ನಾಯಕನು. ಪಡೆಯುವವನು ಅವನ ಔದಾರ್ಯಕ್ಕೆ ಆಲಂಬನ ಮಾತ್ರ. ಲೂಕನ ಕಥೆಯಲ್ಲಿ ಪಡೆಯಬೇಕಾಗಿದ್ದವನೇ ನಾಯಕನು.

ಇದರಿಂದ ನಮ್ಮಲ್ಲಿ ಈ ದೃಷ್ಟಿಯೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಹನ್ನೆರಡನೆಯ ಶತಮಾನದ ಶರಣರು ದಾನವೆಂಬ ಮಾತನ್ನು ಬಿಟ್ಟು ‘ದಾಸೋಹ’ವೆಂಬ ಮಾತನ್ನು ಹಿಡಿದಾಗ ಮಾಡಿದ ಕ್ರಾಂತಿಯೂ ಇದೇ. ಕೊಡುವವನು ದಾಸನು, ಪಡೆಯುವ ಜಂಗಮನು ಒಡೆಯನು ಎಂದಮೇಲೆ ಕೊಟ್ಟವನ ಮದಕ್ಕೆ ಎಡೆಯೆಲ್ಲಿ? ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬರುವ ಕಡೆಯ ನ್ಯಾಯತೀರ್ಪಿನ ಚಿತ್ರವು ಇದಕ್ಕೆ ಹತ್ತಿರದ ನೆಂಟ. ಅಲ್ಲಿ ರಾಜನು, ಹಸಿದವನಿಗೆ ಕೊಟ್ಟ ಅನ್ನವು ತನಗೆ ಕೊಟ್ಟದ್ದೆಂದೂ, ರೋಗಿಯನ್ನೂ ಸೆರೆಯಾಳನ್ನೂ ನೋಡಹೋದದ್ದು ತನ್ನನ್ನು ನೋಡಬಂದದ್ದೆಂದೂ ಹೇಳುವನು. ಎರಡಕ್ಕೂ ಒಂದು ವ್ಯತ್ಯಾಸವಿದೆ. ಜಂಗಮನು ಪೂಜ್ಯನೆಂದು ತಿಳಿದೇ ಭಕ್ತನು ನೀಡುವನು. ಮತ್ತಾಯನ ಚಿತ್ರದಲ್ಲಿ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂಬುದೇ ತಿಳಿದಿರಲಿಲ್ಲ; ಕೊಡದವರಿಗೂ ತಿಳಿದಿರಲಿಲ್ಲ. ಪುಣ್ಯದ ಆಸೆಯಿಂದ ಕೊಟ್ಟ ದಾನಕ್ಕೆ ಅಲ್ಲಿ ಅವಕಾಶವಿಲ್ಲದಂತೆ ಕಥೆ ಕಟ್ಟಲ್ಪಟ್ಟಿದೆ. ಹೊಸಗನ್ನಡದಲ್ಲಿ ಈ ಭಾವಕ್ಕೆ ಸಮೀಪವಾಗಿ ಬಂದ ಕೃತಿಯೆಂದರೆ ಕುವೆಂಪು ಅವರ ‘ಜಲಗಾರ’ (೧೯೨೮). ಗುಡಿಗೆ ಹೋಗದೆ ಬೀದಿ ಗುಡಿಸುತ್ತ ನಿಂತವನ ಬಳಿಗೆ ಶಿವನು ಜಲಗಾರನಾಗಿಯೇ ಬರುವುದು ಮತ್ತಾಯನ ರಾಜನ ಮಾತಿಗೆ ಸಹ್ಯಾದ್ರಿಯ ಕಡೆಯಿಂದ ಬಂದ ಉತ್ತರದಂತಿದೆ.

೪

ಎರಡನೆಯ ಕಥೆ ಜನಪ್ರಿಯವಾದುದು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬನು ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದನು. ಯಾಜಕನು ನೋಡಿ ಓರೆಯಾಗಿ ಹೋದನು. ದೇವಾಲಯದ ಊಳಿಗದ ಲೇವಿಯನೂ ಹಾಗೆಯೇ ಹೋದನು. ಸಮಾರ್ಯ ದೇಶದವನೊಬ್ಬನು ಮರುಗಿ, ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ತಂಗುಮನೆಗೆ ಕರೆದೊಯ್ದನು. ಮಾರನೆಯ ದಿನ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದನು.

ಇಲ್ಲಿಯ ವಿವರಗಳ ಔಚಿತ್ಯವನ್ನು ನೋಡಬೇಕು. ಆ ಕಾಲದಲ್ಲಿ ಒಂದು ಬೆಳ್ಳಿ ನಾಣ್ಯವೆಂದರೆ ಕೂಲಿಯವನ ಒಂದು ದಿನದ ಸಂಬಳ. ಆದುದರಿಂದ ಸಮಾರ್ಯನು ಕೊಟ್ಟದ್ದು ಎರಡು ದಿನದ ಕೂಲಿ. ದೊಡ್ಡ ಮೊತ್ತವೇನೂ ಅಲ್ಲ. ಅವನ ದೊಡ್ಡತನವಿರುವುದು ಮೊತ್ತದಲ್ಲಿ ಅಲ್ಲ. ಮುಟ್ಟುವುದರಲ್ಲಿ, ವಾಹನವನ್ನು ಬಿಟ್ಟುಕೊಟ್ಟು ತಾನು ನಡೆಯುವುದರಲ್ಲಿ, ಒಂದು ರಾತ್ರಿ ಜೊತೆಗಿರುವುದರಲ್ಲಿ, ಮತ್ತೆ ಬರುವೆನೆಂಬ ಮಾತಿನಲ್ಲಿ. ಇಂದಿನ ದಾನಿಗಳಲ್ಲಿ ಹೆಚ್ಚು ಮಂದಿ ಕೊಡುವುದು ಎರಡು ನಾಣ್ಯಗಳನ್ನು ಮಾತ್ರ. ಎಣ್ಣೆಯೂ ರಾತ್ರಿಯೂ ಮರಳಿ ಬರುವ ಮಾತೂ ತಂಗುಮನೆಯವನಿಗೇ ಬಿಟ್ಟದ್ದು. ಬಿದ್ದವನ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ಅವನ ಬಟ್ಟೆಯನ್ನು ಕಳ್ಳರು ಸುಲಿದುಕೊಂಡಿದ್ದರು, ಮಾತಾಡುವ ಶಕ್ತಿಯಿರಲಿಲ್ಲ. ಉಡುಪಿನಿಂದಲೂ ನುಡಿಯಿಂದಲೂ ಕುಲವನ್ನು ಗುರುತಿಸುವ ಲೋಕದಲ್ಲಿ ಅವನಿಗೆ ಕುಲವೇ ಉಳಿದಿರಲಿಲ್ಲ. ಸಮಾರ್ಯನು ಕಂಡದ್ದು ಬರಿಯ ಮನುಷ್ಯನನ್ನು.

ಕನ್ನಡ ಅನುವಾದದಲ್ಲಿ ಈ ಕಥೆ ಒಂದು ನಷ್ಟವನ್ನು ಅನುಭವಿಸಿದೆಯೆಂದು ನಮಗೆ ತೋರುತ್ತದೆ. ಯೆಹೂದ್ಯರಿಗೆ ಸಮಾರ್ಯರೆಂದರೆ ತಿರಸ್ಕಾರ, ಅವರೊಡನೆ ಹೊಕ್ಕುಬಳಕೆಯಿರಲಿಲ್ಲ. ಆ ಹೆಸರನ್ನು ಕೇಳಿದ ಕೂಡಲೆ ಸಭಿಕರಿಗೆ ಮೈ ಮುಳ್ಳೆದ್ದಿರಬೇಕು. ನಮಗಾದರೋ ‘ಒಳ್ಳೆಯ ಸಮಾರ್ಯ’ ಎಂಬುದು ಹೊಗಳಿಕೆಯ ಮಾತಾಗಿಬಿಟ್ಟಿದೆ. ಅಪಘಾತದಲ್ಲಿ ಬಿದ್ದವರಿಗೆ ನೆರವಾದವರನ್ನು ಪೋಲೀಸು ಕೋರ್ಟುಗಳ ತೊಡಕಿನಿಂದ ಕಾಪಾಡುವ ಕರ್ನಾಟಕದ ೨೦೧೬ರ ಕಾಯಿದೆಗೂ ಇಂಗ್ಲಿಷಿನಲ್ಲಿ ಅವನ ಹೆಸರನ್ನೇ ಇಟ್ಟಿರುವರು. ಕಾಯಿದೆ ಒಳ್ಳೆಯದೇ, ಕಥೆಯ ಮೊನೆ ಮಾತ್ರ ಮೊಂಡಾಯಿತು. ಯಾರ ಕೈಯ ನೀರನ್ನು ನಮ್ಮ ಮನೆಗಳಲ್ಲಿ ಕುಡಿಯದೆ ಇದ್ದೆವೋ ಅವನು ಬಂದು ನಮ್ಮನ್ನು ಎತ್ತಿ ಕೂರಿಸಿದನೆಂದು ಓದಿಕೊಂಡರೆ ಮೂಲದ ಕಾವು ಸ್ವಲ್ಪ ತಟ್ಟೀತು.

ಯೇಸುವನ್ನು ಶಾಸ್ತ್ರಿಯು ಕೇಳಿದ್ದು ‘ನನ್ನ ನೆರೆಯವನು ಯಾರು?’ ಎಂದು. ಕಥೆ ಮುಗಿದಮೇಲೆ ಯೇಸುವು ಪ್ರಶ್ನೆಯನ್ನೇ ಮಗುಚಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಕೇಳಿದನು. ನೆರೆಯವನೆಂಬುದು ಇರುವ ಸ್ಥಿತಿಯಲ್ಲ, ಆಗುವ ಕ್ರಿಯೆ. ಕನ್ನಡದಲ್ಲಿ ‘ನೆರೆ’ಯೆಂಬುದು ಪಕ್ಕದ ಮನೆಗೂ ಹೆಸರು, ಪ್ರವಾಹಕ್ಕೂ ಹೆಸರು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳಿಗೆ ಕೆರೆಯ ನೀರು ನುಗ್ಗಿ, ಬೆಲೆಬಾಳುವ ಕಾರುಗಳು ಮುಳುಗಿದುವು. ಅಲ್ಲಿಯ ನಿವಾಸಿಗಳು ಟ್ರಾಕ್ಟರುಗಳ ಮೇಲೆಯೂ ದೋಣಿಗಳಲ್ಲಿಯೂ ಹೊರಕ್ಕೆ ಬಂದರು. ಟ್ರಾಕ್ಟರಿನವರಲ್ಲಿ ಬಾಡಿಗೆಗೆ ಬಂದವರೂ ಇದ್ದಿರಬಹುದು. ಇರಲಿ, ಸಮಾರ್ಯನ ಕಥೆಯಲ್ಲಿಯೂ ಹಣ ತೆಗೆದುಕೊಂಡ ತಂಗುಮನೆಯವನಿಗೆ ಒಂದು ಸ್ಥಾನವಿದೆ. ನಾವು ನೋಡತಕ್ಕದ್ದು ಇಷ್ಟು: ಬಿದ್ದವನು ಯಾವಾಗಲೂ ಬಡವನೇ, ಎತ್ತುವವನು ಯಾವಾಗಲೂ ಉಳ್ಳವನೇ ಎಂಬ ನಂಬಿಕೆ ಕಥೆಯಲ್ಲಿಯೂ ಇಲ್ಲ, ಲೋಕದಲ್ಲಿಯೂ ನಿಲ್ಲದು.

೫

ಈಗ ಮಾತುಗಳ ವಿಚಾರ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಯತ್ನದಿಂದ ೧೮೩೧ರ ವೇಳೆಗೆ ಬೈಬಲ್ ಗ್ರಂಥವು ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಅನುವಾದಕರ ಮುಂದೆ ಒಂದು ಕಠಿನವಾದ ತೊಡಕಿತ್ತು. ಹೀಬ್ರೂ ಭಾಷೆಯ ‘ತ್ಸೆದಾಕಾ’ ಎಂಬ ಪದಕ್ಕೆ ನೀತಿ, ನ್ಯಾಯ ಎಂಬುದು ಮೂಲಾರ್ಥ. ಬಡವರಿಗೆ ಕೊಡುವುದೂ ಅದೇ ಮಾತಿನ ಅರ್ಥವಾಗಿ ಬೆಳೆಯಿತು. ಅಂದರೆ ಆ ಜನರ ಮನಸ್ಸಿನಲ್ಲಿ ಕೊಡುವುದು ಕೃಪೆಯಲ್ಲ, ಸಲ್ಲತಕ್ಕ ನ್ಯಾಯ. ಮತ್ತಾಯನ ಆರನೆಯ ಅಧ್ಯಾಯದ ಆರಂಭದಲ್ಲಿಯೂ ಗ್ರೀಕಿನ ನೀತಿವಾಚಕವಾದ ಪದ ಮೊದಲು ಬಂದು, ಭಿಕ್ಷಾವಾಚಕವಾದ ಪದ ಅದರ ಬೆನ್ನಿಗೇ ಬರುವುದು. ಇಂಗ್ಲಿಷಿನಲ್ಲಿ ಈ ಎರಡನ್ನು ಕೂಡಿಸುವ ಒಂದು ಮಾತಿಲ್ಲ. ಕನ್ನಡದಲ್ಲಿ ಇದೆ. ‘ಧರ್ಮ’ವೆಂಬುದು ನಮಗೆ ನೀತಿಯೂ ಹೌದು, ‘ಧರ್ಮ ಮಾಡಿ ಸ್ವಾಮೀ’ ಎಂದು ಬಾಗಿಲಲ್ಲಿ ನಿಂತವನು ಕೇಳುವ ಕಾಸೂ ಹೌದು. ನಮ್ಮ ಬೈಬಲ್ ಕೊಡುವುದನ್ನು ‘ಧರ್ಮ ಕೊಡುವುದು’ ಎಂದು ಕರೆದದ್ದು ಅತ್ಯಂತ ಉಚಿತವಾಯಿತು.

ಆದರೆ ಬಳಕೆಯಲ್ಲಿ ನಾವು ಆ ಮಾತಿನ ಬೆನ್ನೆಲುಬನ್ನು ಮುರಿದಿರುವೆವು. ‘ಧರ್ಮಕ್ಕೆ ಬಂದದ್ದು’ ಎಂದರೆ ಪುಕ್ಕಟೆಯಾದುದು, ಬೆಲೆಯಿಲ್ಲದ್ದು. ‘ಧರ್ಮಾಸ್ಪತ್ರೆ’ಯೆಂದರೆ ಉಳ್ಳವರು ಹೋಗದ ಆಸ್ಪತ್ರೆ. ಇಂಗ್ಲಿಷಿನ ಗತಿಯೂ ಇದೇ ಆಯಿತು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಕೊಂಡಾಡಿದ ಗುಣಕ್ಕೆ ೧೬೧೧ರ ಅನುವಾದಕರು ‘ಚಾರಿಟಿ’ ಎಂಬ ಪದವನ್ನಿಟ್ಟರು. ೧೮೮೧ರ ಪರಿಷ್ಕಾರಕರು ಅದನ್ನು ತೆಗೆದು ‘ಪ್ರೀತಿ’ವಾಚಕವಾದ ಪದವನ್ನು ಹಾಕಬೇಕಾಯಿತು. ಏತಕ್ಕೆಂದರೆ ಅಷ್ಟರೊಳಗೆ ‘ಚಾರಿಟಿ’ಯು ತಣ್ಣಗಾದ ಗಂಜಿಯ ಹೆಸರಾಗಿತ್ತು. ಮಾತು ಕೆಡುವುದು ನಡತೆ ಕೆಟ್ಟಮೇಲೆ.

ಕನ್ನಡ ಕವಿಗಳು ಕ್ರಿಸ್ತನ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲರು ೧೮೬೨ರಲ್ಲಿಯೇ ‘ಕಥಾಮಾಲೆ’ಯನ್ನು ನಮ್ಮ ಛಂದಸ್ಸಿನಲ್ಲಿ ರಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಚಿರಸ್ಮರಣೀಯವಾಗಿ ಮಾಡಿದರು. ಆದರೂ ಒಂದು ಕೊರತೆಯನ್ನು ಹೇಳದಿರಲಾರೆವು. ನಮ್ಮ ಕಾವ್ಯಕ್ಕೆ ಶಿಲುಬೆಯು ಒಗ್ಗಿದಷ್ಟು ಲಾಜರನ ಬಾಗಿಲು ಒಗ್ಗಲಿಲ್ಲ. ಮಹಾಪುರುಷನ ಮರಣದಲ್ಲಿ ಕರುಣರಸವು ತಾನಾಗಿ ಉಕ್ಕುವುದು. ಓದುವವನು ಕಣ್ಣೀರು ಸುರಿಸಿ ನಿರಪರಾಧಿಯಾಗಿ ಏಳಬಹುದು. ಬಾಗಿಲಿನ ಕಥೆಯಲ್ಲಿ ಓದುವವನೇ ಆ ಹೆಸರಿಲ್ಲದ ಐಶ್ವರ್ಯವಂತನು. ಅಲ್ಲಿ ಕಣ್ಣೀರಿಗೆ ಮುಂಚೆ ನಾಚಿಕೆ ಬರುವುದು. ನಾಚಿಕೆಯನ್ನು ರಸವಾಗಿ ಪರಿಣಮಿಸುವ ಕಾವ್ಯವು ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.

೬

ಕಥೆಯ ಬೆಲೆ ಅದನ್ನು ನಂಬಿದವರ ನಡತೆಯಿಂದಲೂ ಗೊತ್ತಾಗುವುದು. ಫ್ರೆಂಚ್ ಪಾದ್ರಿ ಆಬೆ ದುಬಾಯ್ ೧೮೦೩–೦೪ರಲ್ಲಿ ಮೈಸೂರು ಸೀಮೆಯಲ್ಲಿ ೨೫,೪೩೨ ಮಂದಿಗೆ ಸಿಡುಬಿನ ದೇವಿ ಹಾಕಿಸಿದ ಲೆಕ್ಕವಿದೆ. ಅವನು ನಮ್ಮ ಆಚಾರಗಳ ವಿಷಯವಾಗಿ ಬರೆದ ಗ್ರಂಥದಲ್ಲಿ ಒಪ್ಪಲಾಗದ ಮಾತುಗಳು ಎಷ್ಟೋ ಇವೆ. ಆದರೆ ಆ ಸೂಜಿ ಯಾರ ಕುಲವನ್ನೂ ಕೇಳಲಿಲ್ಲ. ೧೮೭೬–೭೮ರ ಮಹಾಕ್ಷಾಮದಲ್ಲಿ ಪರೀಕ್ಷೆ ಇನ್ನೂ ಕಠಿನವಾಯಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿಯಿತು. ತುಮಕೂರು ಹಾಸನಗಳಲ್ಲಿ ವೆಸ್ಲಿಯನ್ ಮಿಷನ್ನಿನವರು ಅನಾಥ ಮಕ್ಕಳಿಗೆ ಆಶ್ರಯಗಳನ್ನು ತೆರೆದರು. ಕಥೋಲಿಕ ಪಾದ್ರಿಗಳು ಅನಾಥರಿಗಾಗಿ ಬೇಸಾಯದ ನೆಲೆಗಳನ್ನು ಹೂಡಿದರು.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಚಬಾರದು. ಆ ಮಕ್ಕಳು ಬದುಕಿದರು, ಕ್ರೈಸ್ತರಾಗಿಯೂ ಬೆಳೆದರು. ಹಸಿದ ಮಗುವಿನ ಒಪ್ಪಿಗೆಯನ್ನು ಯಾರು ಕೇಳಬಲ್ಲರು? ಅನ್ನದೊಡನೆ ಮತವನ್ನೂ ಬಡಿಸಿದರೆಂಬ ಆಕ್ಷೇಪಣೆ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಮಿಷನ್ನಿನವರ ಪಕ್ಷದಿಂದ, ಬೇರೆ ಯಾರೂ ಎತ್ತಿಕೊಳ್ಳದ ಮಕ್ಕಳನ್ನು ಎತ್ತಿಕೊಂಡವರು ತಮ್ಮ ಮನೆಯ ರೀತಿಯಲ್ಲಿಯೇ ಸಾಕಿದರೆಂದು ಹೇಳಬಹುದು. ಅದೂ ಯುಕ್ತವಾದ ಮಾತು. ನಾವು ತೀರ್ಪುಕೊಡುವುದಕ್ಕೆ ಹೊರಗಿನ ಅಳತೆಗೋಲು ಬೇಡ. ಅವರ ಕಥೆಯ ಅಳತೆಗೋಲೇ ಸಾಕು. ಸಮಾರ್ಯನು ಗಾಯಗೊಂಡವನಿಂದ ಏನನ್ನೂ ಕೇಳಲಿಲ್ಲ. ತನ್ನ ಬೆಟ್ಟಕ್ಕೆ ಬಂದು ಪೂಜೆಮಾಡೆನ್ನಲಿಲ್ಲ. ಹೆಸರನ್ನೂ ಹೇಳದೆ ಹೊರಟುಹೋದನು. ಪ್ರತಿಫಲದ ಎಣಿಕೆ ಎಲ್ಲಿ ಸೇರಿತೋ ಅಲ್ಲಿ ಸೇವೆಯು ವ್ಯಾಪಾರವಾಗುವುದು. ಆ ಪ್ರತಿಫಲವು ಕೀರ್ತಿಯಾಗಲಿ, ವೋಟಾಗಲಿ, ಮತಾಂತರವಾಗಲಿ ಭೇದವಿಲ್ಲ. ಈ ಮಾತು ಕ್ರೈಸ್ತರಿಗೆ ಸಲ್ಲುವಷ್ಟೇ ಅನ್ನಸತ್ರವನ್ನಿಟ್ಟು ಪಂಕ್ತಿಭೇದ ಮಾಡಿದ ನಮಗೂ ಸಲ್ಲುವುದು.

ಕೊಡುವ ರೀತಿಗಳಲ್ಲಿಯೂ ಮೇಲುಕೀಳುಗಳಿವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ೧೯೦೦ರಿಂದ ವೃದ್ಧಾಶ್ರಮವನ್ನು ನಡೆಸುತ್ತಿರುವ ‘ಬಡವರ ಪುಟ್ಟ ಸೋದರಿಯರು’ ಎಂಬ ಕನ್ಯಾಸ್ತ್ರೀಯರು ಮುದುಕರಿಗಾಗಿ ತಾವೇ ಅಂಗಡಿಬೀದಿಯಲ್ಲಿ ಬೇಡುವ ಪದ್ಧತಿಯನ್ನಿಟ್ಟುಕೊಂಡಿರುವರು. ಕೊಡುವವರೇ ತಿರುಕರಾಗಿ ನಿಂತಮೇಲೆ ಯಜಮಾನಿಕೆಗೆ ಜಾಗವಿಲ್ಲ. ಇನ್ನೊಂದು ರೀತಿಯನ್ನು ಸರ್ಜಾಪುರದ ಹಾದಿಯಲ್ಲಿಯೇ ಕಾಣಬಹುದು. ಭಾರತದ ಕಥೋಲಿಕ ಬಿಷಪ್ಪರ ಸಮ್ಮೇಳನದವರು ೧೯೬೩ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮುಂದೆ ಈ ರಸ್ತೆಯ ಮೇಲೆ ನೆಲೆಗೊಂಡಿತು. ಅದರ ಗ್ರಾಮೀಣ ಆರೋಗ್ಯಕೇಂದ್ರವು ಸರ್ಜಾಪುರದ ಬಳಿಯ ಮುಗಳೂರಿನಲ್ಲಿದೆ. ಹಳ್ಳಿಯ ಹೆಂಗಸರ ಮನೋವ್ಯಾಧಿಗಾಗಿ ‘ಮಾನಸಿ’ ಎಂಬ ಕಾರ್ಯಕ್ರಮವು ಅಲ್ಲಿ ಬೆಳೆಯಿತು. ಮೈಯ ಹುಣ್ಣು ಎಲ್ಲರ ಕಣ್ಣಿಗೂ ಬೀಳುವುದು. ಮನಸ್ಸಿನ ಹುಣ್ಣುಳ್ಳ ಬಡ ಹೆಂಗಸು ಲಾಜರನಿಗಿಂತಲೂ ಅಡಗ್ಯವಾದ ಬಾಗಿಲಲ್ಲಿ ಬಿದ್ದಿರುವಳು. ಅವಳ ಮನೆಯವರೆಗೆ ಹೋಗಿ ಕೂತು ಮಾತನಾಡಿಸುವ ಸೇವೆಯಲ್ಲಿ ಹೆಸರು ಹಿಡಿದು ಕರೆಯುವುದೇ ಅರ್ಧ ಔಷಧ.

ಇದೇ ಕಾಲೇಜಿನವರು ೧೯೭೩ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನ ಹಾಲಿನ ಸಹಕಾರ ಸಂಘದವರೊಡನೆ ಸೇರಿ ಮಾಡಿದ ಪ್ರಯೋಗವು ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಹಾಲು ಹಾಕುವವರು ಲೀಟರಿಗಿಷ್ಟೆಂದು ಪೈಸೆಗಳನ್ನು ಎತ್ತಿಟ್ಟು ತಮ್ಮ ಊರಿನ ಆರೋಗ್ಯಕೇಂದ್ರದ ವೆಚ್ಚವನ್ನು ತಾವೇ ಹೊತ್ತರು. ಇಲ್ಲಿ ದಾನಿಯೂ ಇಲ್ಲ, ತಿರುಕನೂ ಇಲ್ಲ. ಆದರೂ ಆಕಳಿಲ್ಲದವನ ಪಾಡೇನೆಂಬ ಪ್ರಶ್ನೆ ಸಹಕಾರದ ಬಾಗಿಲಲ್ಲಿಯೂ ನಿಲ್ಲುವುದು. ಲಾಜರನು ಯಾವ ವ್ಯವಸ್ಥೆಯನ್ನು ಕಟ್ಟಿದರೂ ಅದರ ಹೊಸಲಿನ ಹೊರಗೆ ಕಾಣಿಸಿಕೊಳ್ಳುವನು. ಅವನನ್ನು ಕಾಣುವ ಕಣ್ಣು ವ್ಯವಸ್ಥೆಗಳಿಂದ ಹುಟ್ಟುವುದಿಲ್ಲ.

೭

ಈ ಕಥೆಗಳಿಗೆ ಒಂದು ಪ್ರಬಲವಾದ ಆಕ್ಷೇಪವುಂಟು. ಸಮಾರ್ಯನು ಒಬ್ಬನನ್ನು ಎತ್ತಿದನು, ಸರಿ. ಆ ದಾರಿಯಲ್ಲಿ ದಿನಕ್ಕೊಬ್ಬನು ಸುಲಿಗೆಯಾಗುತ್ತಿದ್ದರೆ ದಾರಿಯನ್ನು ಕಾಯುವವರಾರು? ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ೧೯೬೭ರಲ್ಲಿ ಈ ಕಥೆಯನ್ನೇ ಹಿಡಿದು, ಬಿದ್ದವರನ್ನು ಎತ್ತುವುದು ಆರಂಭ ಮಾತ್ರ, ಯೆರಿಕೋವಿನ ದಾರಿಯನ್ನೇ ಮಾರ್ಪಡಿಸಬೇಕೆಂದು ವಾದಿಸಿದರು. ಆಕ್ಷೇಪವು ಸರಿಯೆ, ಆದರೆ ಅದಕ್ಕೆ ಉತ್ತರವೂ ಆ ಗ್ರಂಥದಲ್ಲಿಯೇ ಇದೆ. ಯಾಕೋಬನ ಪತ್ರದ ಐದನೆಯ ಅಧ್ಯಾಯವು ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟ ಐಶ್ವರ್ಯವಂತರನ್ನು ಖಂಡಿಸುವಾಗ ಭಿಕ್ಷೆಯ ಮಾತನ್ನೇ ಎತ್ತುವುದಿಲ್ಲ. ಕೂಲಿಯ ಮಾತನ್ನು ಎತ್ತುವುದು. ‘ತ್ಸೆದಾಕಾ’ ಮೊದಲು ನ್ಯಾಯ, ಆಮೇಲೆ ದಾನ. ಸಲ್ಲತಕ್ಕ ಕೂಲಿಯನ್ನು ಕೊಡದೆ ಹಬ್ಬದ ದಿನ ಹಂಚಿದ ಕಂಬಳಿಯು ಧರ್ಮವಲ್ಲ. ಸಾಲಗಾರನು ಬಡ್ಡಿಯಲ್ಲಿ ಒಂದು ಕಾಸನ್ನು ಕೊಟ್ಟು ದಾನಿಯೆನಿಸಿಕೊಂಡಂತೆ.

ನಮ್ಮ ಕಾಲದ ಸರ್ಕಾರವು ಕೊಡುವುದನ್ನೂ ಕಾಯಿದೆಯಾಗಿ ಮಾಡಿದೆ. ೨೦೧೩ರ ಕಂಪೆನಿಗಳ ಕಾಯಿದೆಯ ೧೩೫ನೆಯ ಕಲಮಿನಂತೆ ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡತಕ್ಕದ್ದು. ಕಾಯಿದೆಯನ್ನು ಮೀರಿ ಕೊಟ್ಟವರೂ ಇದೇ ಸೀಮೆಯಲ್ಲಿರುವರು. ಅಜೀಂ ಪ್ರೇಮ್‌ಜಿಯವರು ೨೦೧೯ರ ವೇಳೆಗೆ ತಮ್ಮ ಪ್ರತಿಷ್ಠಾನಕ್ಕೆ ಮುಡಿಪಿಟ್ಟ ಸಂಪತ್ತಿನ ಬೆಲೆ ಒಂದು ಲಕ್ಷದ ನಲವತ್ತೈದು ಸಾವಿರ ಕೋಟಿ ರೂಪಾಯಿಗಳಷ್ಟು. ಅವರ ಹೆಸರಿನ ವಿಶ್ವವಿದ್ಯಾನಿಲಯವು ಸರ್ಜಾಪುರ ಹೋಬಳಿಯಲ್ಲಿದೆ. ಇದು ಶ್ಲಾಘ್ಯವೆನ್ನಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಉದಾರಗುಣವು ಒಂದು ಮತದ ಸೊತ್ತಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೆ ದೊಡ್ಡವರ ದಾನವು ನಮ್ಮಂಥವರಿಗೆ ಒಂದು ನೆವವಾಗುವ ಅಪಾಯವುಂಟು. ಅದಕ್ಕಾಗಿಯೇ ದೇವಾಲಯದ ಪೆಟ್ಟಿಗೆಯಲ್ಲಿ ಎರಡು ಸಣ್ಣ ಕಾಸುಗಳನ್ನು ಹಾಕಿದ ಬಡ ವಿಧವೆಯ ಪ್ರಸಂಗವನ್ನು ಮಾರ್ಕನು ಬರೆದಿಟ್ಟಂತೆ ತೋರುತ್ತದೆ. ಅಲ್ಲಿಯ ತಕ್ಕಡಿ ಕೊಟ್ಟದ್ದನ್ನು ತೂಗುವುದಿಲ್ಲ. ಕೊಟ್ಟಮೇಲೆ ಉಳಿದದ್ದನ್ನು ತೂಗುವುದು.

ಇಂದಿನ ಸರ್ಜಾಪುರದ ಹಾದಿಯಲ್ಲಿ ಲಾಜರನು ಬಾಗಿಲಲ್ಲಿ ಬಿದ್ದಿರುವುದಿಲ್ಲ. ಸಮವಸ್ತ್ರ ತೊಟ್ಟು ಬಾಗಿಲನ್ನು ಕಾಯುತ್ತಿರುವನು. ಕಾರು ಬಂದಾಗ ಅವನೇ ಅದನ್ನು ತೆರೆಯುವನು. ಒಳಗೆ ಪಾತ್ರೆ ತೊಳೆಯುವವಳು, ಹೊರಗೆ ಇಟ್ಟಿಗೆ ಹೊರುವವನು, ಕಸ ಆಯುವ ಹುಡುಗ, ಇವರೆಲ್ಲರೂ ನಮ್ಮ ವಿದ್ಯಾವಂತ ಮನೆಗಳ ದಿನಚರಿಯೊಳಗೇ ಇರುವರು. ಐಶ್ವರ್ಯವಂತನಿಗೆ ಲಾಜರನ ಹೆಸರಾದರೂ ತಿಳಿದಿತ್ತು. ನಮಗೆ ಇವರಲ್ಲಿ ಎಷ್ಟು ಜನರ ಹೆಸರು ಗೊತ್ತು? ಗೊತ್ತಿದ್ದರೆ ಕೆಲಸ ಹೇಳುವುದಕ್ಕಲ್ಲದೆ ಬೇರೆ ಯಾವುದಕ್ಕೆ ಆ ಹೆಸರನ್ನು ಕರೆದಿರುವೆವು? ಕ್ರೈಸ್ತನಿಗೆ ಇದು ಅವನ ಗುರುವಿನ ಆಜ್ಞೆ. ಉಳಿದವರಿಗೆ ಅವರವರ ಧರ್ಮದ ಪ್ರಶ್ನೆ. ಒಳ್ಳೆಯ ಸಾಹಿತ್ಯವು ಕಮರಿಯನ್ನು ದಾಟಿಸಲಾರದು. ಬಾಗಿಲು ಇನ್ನೂ ಬಾಗಿಲಾಗಿಯೇ ಇದೆಯೆಂದು, ಅದರ ಅಗುಳಿ ನಮ್ಮ ಕಡೆಗೇ ಇದೆಯೆಂದು, ಹೊತ್ತಿಗೆ ಮುಂಚೆ ತಿಳಿಸಬಲ್ಲದು. ಈ ಕಥೆಗಳು ಆ ಕೆಲಸವನ್ನು ಮಾಡಿವೆ. ಮುಂದಿನದು ಓದಿದವರಿಗೆ ಸೇರಿದ್ದು.